ಹಳೆಯ ಚಿತ್ರಗಳಲ್ಲಿನ ವಿಚಿತ್ರ ಬೆಕ್ಕುಗಳು: ಹುಡುಕುವುದು ಹೇಗೆ, ನೋಡುವುದು ಹೇಗೆ, ನಂಬುವುದು ಹೇಗೆ

ಐನೂರು, ಆರುನೂರು ವರ್ಷ ಹಳೆಯ ಯೂರೋಪಿನ ಚಿತ್ರಗಳಲ್ಲಿರುವ ಬೆಕ್ಕುಗಳನ್ನು ನೀವು ವಾಟ್ಸಾಪ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ನೋಡಿಯೇ ಇರುತ್ತೀರಿ. ಮನುಷ್ಯರಂಥ ಮೂಗು, ಗಾಬರಿಬಿದ್ದ ಕಣ್ಣು, ಯಾರೋ ಬೈದ ಮೇಲೆ ಬಿಗಿದುಕೊಂಡ ಬಾಯಿ. ಕೆಳಗೆ ‘ಪಾಪ, ಆ ಕಾಲದವರು ಬೆಕ್ಕನ್ನೇ ನೋಡಿರಲಿಲ್ಲ’ ಅಂತ ಒಂದು ಸಾಲು. ನಗು ಬರುತ್ತದೆ, ಬರಲೇಬೇಕು. ಆದರೆ ಆ ಸಾಲು ಮಾತ್ರ ಸರಿಯಲ್ಲ.

ಸಿಂಹವನ್ನು, ಆನೆಯನ್ನು ಕಣ್ಣಾರೆ ನೋಡದೆ ಬರೆದ ಚಿತ್ರಕಾರರು ಯೂರೋಪಿನಲ್ಲಿ ಬೇಕಾದಷ್ಟು ಜನ ಇದ್ದರು. ಬೆಕ್ಕಿನ ವಿಷಯ ಹಾಗಲ್ಲ. ಮಠದ ಉಗ್ರಾಣದಲ್ಲಿ, ಅಡುಗೆಮನೆಯಲ್ಲಿ, ಬರೆಯುವ ಮೇಜಿನ ಮೇಲೂ ಅದು ಓಡಾಡುತ್ತಿತ್ತು. ಕ್ರೊಯೇಷಿಯಾದ ಡುಬ್ರೊವ್ನಿಕ್‌ನ ದಾಖಲೆ ಸಂಗ್ರಹದಲ್ಲಿರುವ 15ನೇ ಶತಮಾನದ ಒಂದು ಹಸ್ತಪ್ರತಿಯ ಮೇಲೆ ಶಾಯಿ ಮೆತ್ತಿದ ಬೆಕ್ಕಿನ ಹೆಜ್ಜೆಗಳು ಇವತ್ತಿಗೂ ಇವೆ. ಸುಮಾರು 1420ರಲ್ಲಿ ನೆದರ್‌ಲೆಂಡ್ಸ್‌ನ ಡೆವೆಂಟರ್‌ನ ಒಬ್ಬ ಲಿಪಿಕಾರ, ರಾತ್ರಿ ಬೆಕ್ಕು ತನ್ನ ಪುಟದ ಮೇಲೆ ಉಚ್ಚೆ ಹೊಯ್ದದ್ದಕ್ಕೆ ಅದೇ ಪುಟದಲ್ಲಿ ಶಾಪ ಹಾಕಿ, ಪಕ್ಕದಲ್ಲಿ ಬೆಕ್ಕಿನ ಚಿತ್ರವನ್ನೂ ಗೀಚಿಟ್ಟಿದ್ದಾನೆ. ದಿನಾ ಬೆಕ್ಕಿನ ಜೊತೆ ಬದುಕಿದವರೇ ಇಂಥ ಬೆಕ್ಕುಗಳನ್ನು ಬರೆದದ್ದು.

ಹಾಗಾದರೆ ಅವು ಹಾಗೇಕೆ ಕಾಣುತ್ತವೆ? ತುಂಬಾ ಚಿತ್ರ ನೋಡಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಕೈ ತಪ್ಪಿ ವಿಚಿತ್ರವಾದ ಬೆಕ್ಕುಗಳು ಕಡಿಮೆ, ಕಾರಣವಿದ್ದು ವಿಚಿತ್ರವಾದವು ಜಾಸ್ತಿ. ಆ ಕಾರಣವನ್ನು ನೀವೇ ಕಂಡುಹಿಡಿಯಬಹುದು. ಕಲಾ ಇತಿಹಾಸ ಓದಿರಬೇಕಿಲ್ಲ. ಇಂಟರ್‌ನೆಟ್ ಇರುವ ಒಂದು ಫೋನ್ ಸಾಕು, ಲ್ಯಾಪ್‌ಟಾಪ್ ಇದ್ದರೆ ಇನ್ನೂ ಒಳ್ಳೆಯದು.

ಹೆಜ್ಜೆ 1: ಸರಿಯಾದ ಜಾಗದಲ್ಲಿ ಹುಡುಕಿ

ಗೂಗಲ್‌ನಲ್ಲಿ ನೇರವಾಗಿ ಹುಡುಕಿದರೆ ಅದದೇ ಚಿತ್ರಗಳು ಮತ್ತೆ ಮತ್ತೆ ಬರುತ್ತವೆ. ಯಾರು ಬರೆದರು, ಎಲ್ಲಿದೆ ಅನ್ನುವ ವಿವರ ಎಷ್ಟೋ ಸಲ ಇರುವುದೇ ಇಲ್ಲ. ಅದರ ಬದಲು ಮ್ಯೂಸಿಯಂಗಳ ಸ್ವಂತ ಜಾಲತಾಣಗಳಿಗೆ ಹೋಗಿ. ನಾನು ಹೇಳುವ ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ.

ಹೊಸಬರಿಗೆ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಒಳ್ಳೆಯ ಆರಂಭ. 17ನೇ ಶತಮಾನದ ಡಚ್ ಚಿತ್ರಕಾರರಿಗೆ ಮನೆಯೊಳಗಿನ ಬದುಕೆಂದರೆ ಬಹಳ ಇಷ್ಟ. ಮನೆ ಅಂದ ಮೇಲೆ ಮೂಲೆಯಲ್ಲೊಂದು ಬೆಕ್ಕು ಇದ್ದೇ ಇರುತ್ತದೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ, ಎಲ್ಲರ ಬಾಯಲ್ಲಿ ‘ಮೆಟ್’, 2017ರಲ್ಲಿ ಹಕ್ಕುಸ್ವಾಮ್ಯ ಮುಗಿದ ತನ್ನ ಕೃತಿಗಳ ಫೋಟೊಗಳನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಷಿಕಾಗೊ ಮತ್ತು ಕ್ಲೀವ್‌ಲ್ಯಾಂಡ್‌ನ ಮ್ಯೂಸಿಯಂಗಳೂ ಆಮೇಲೆ ಅದೇ ದಾರಿ ಹಿಡಿದವು.

ನಿಜವಾಗಿ ತಲೆ ತಿರುಗಿಸುವ ಬೆಕ್ಕುಗಳು ಬೇಕೆಂದರೆ ಹಸ್ತಪ್ರತಿಗಳ ಕಡೆ ಹೋಗಬೇಕು. ಆಕ್ಸ್‌ಫರ್ಡ್‌ನ ಡಿಜಿಟಲ್ ಬೊಡ್ಲಿಯನ್, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ, ಸ್ಕಾಟ್‌ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯ ಮೂರೂ ತಮ್ಮ ಹಸ್ತಪ್ರತಿಗಳನ್ನು ಪುಟ ಪುಟವಾಗಿ ತೆರೆದಿಟ್ಟಿವೆ. ಅಬರ್ಡೀನ್‌ನಲ್ಲಿರುವುದು ಸುಮಾರು ಕ್ರಿ.ಶ. 1200ರ ಒಂದು ಬೆಸ್ಟಿಯರಿ. ಬೆಸ್ಟಿಯರಿ ಅಂದರೆ ಪ್ರಾಣಿಗಳ ಸ್ವಭಾವವನ್ನು, ಅದರಿಂದ ಕಲಿಯಬೇಕಾದ ನೀತಿಯನ್ನು ಚಿತ್ರದೊಂದಿಗೆ ಹೇಳುವ ಪುಸ್ತಕ. ಸಿಂಹ, ಹುಲಿ, ಆನೆಗಳ ನಡುವೆ ಇಲಿ ಹಿಡಿಯುವ ಬೆಕ್ಕಿಗೂ ಅಲ್ಲಿ ಜಾಗವಿದೆ.

ಬ್ರಿಟಿಷ್ ಲೈಬ್ರರಿಯದು ಒಂದು ಮಾತು. 2023ರ ಅಕ್ಟೋಬರ್‌ನ ಸೈಬರ್ ದಾಳಿಯಲ್ಲಿ ಅದರ ಹಸ್ತಪ್ರತಿಗಳ ತಾಣ ಕುಸಿದುಬಿತ್ತು. ಹಳೆಯ ಬ್ಲಾಗುಗಳಲ್ಲಿ ಕೊಟ್ಟಿರುವ ಎಷ್ಟೋ ಲಿಂಕ್‌ಗಳು ಈಗ ತೆರೆಯುವುದಿಲ್ಲ. ಅಂಥ ಕಡೆ ಹಸ್ತಪ್ರತಿಯ ಸಂಖ್ಯೆಯನ್ನು ಬರೆದುಕೊಂಡು ಅದರಿಂದಲೇ ಹುಡುಕಿ.

ಹೆಜ್ಜೆ 2: ಹುಡುಕುವ ಪದ

ಇಂಗ್ಲಿಷ್ ಪದವೊಂದೇ ಸಾಲದು. ಡಚ್ ತಾಣದಲ್ಲಿ ಕೆ-ಎ-ಟಿ, ಫ್ರೆಂಚ್‌ನಲ್ಲಿ ಸಿ-ಎಚ್-ಎ-ಟಿ, ಇಟಾಲಿಯನ್‌ನಲ್ಲಿ ಜಿ-ಎ-ಟಿ-ಟಿ-ಒ, ಸ್ಪ್ಯಾನಿಷ್‌ನಲ್ಲಿ ಅದೇ ಪದ ಒಂದೇ ‘ಟಿ’ ಹಾಕಿ, ಜರ್ಮನ್‌ನಲ್ಲಿ ಕೆ-ಎ-ಟಿ-ಜಡ್-ಇ ಅಂತ ಟೈಪ್ ಮಾಡಿ. ಇದಕ್ಕಿಂತ ಗಟ್ಟಿಯಾದ ಉಪಾಯ ಇನ್ನೊಂದಿದೆ. ಚಿತ್ರದಲ್ಲಿ ಏನಿದೆ ಎಂಬುದನ್ನು ಸಂಖ್ಯೆಯಲ್ಲಿ ಗುರುತಿಸುವ ಐಕನ್‌ಕ್ಲಾಸ್ ಎಂಬ ಪದ್ಧತಿಯಲ್ಲಿ ಬೆಕ್ಕಿಗೆ 34ಬಿ12 ಅನ್ನುವ ಸಂಕೇತ ಕೊಟ್ಟಿದ್ದಾರೆ. ಇದನ್ನು ಬಳಸುವ ಸಂಗ್ರಹಗಳಲ್ಲಿ, ಹೆಸರಿನಲ್ಲಿ ಬೆಕ್ಕೇ ಇಲ್ಲದ ಚಿತ್ರಗಳೂ ಸಿಗುತ್ತವೆ.

ಇಷ್ಟಾದರೂ ಒಳ್ಳೊಳ್ಳೆಯ ಬೆಕ್ಕುಗಳು ತಪ್ಪಿಸಿಕೊಳ್ಳುತ್ತವೆ. ಮ್ಯೂಸಿಯಂನವರು ಚಿತ್ರದ ವಿವರ ಬರೆಯುವಾಗ ಏಸು, ಮೇರಿ, ರಾಜ, ರಾಣಿ ಎಲ್ಲರನ್ನೂ ಹೆಸರಿಸಿ, ಮೇಜಿನ ಕೆಳಗಿನ ಬೆಕ್ಕನ್ನು ಬಿಟ್ಟುಬಿಟ್ಟಿರುತ್ತಾರೆ. ಆದ್ದರಿಂದ ಬೆಕ್ಕನ್ನು ಹುಡುಕುವ ಬದಲು ಬೆಕ್ಕು ಇರಬಹುದಾದ ಸನ್ನಿವೇಶವನ್ನು ಹುಡುಕಿ.

ಹೆಜ್ಜೆ 3: ಚಿತ್ರದೊಳಗೆ ಅದು ಎಲ್ಲಿ ಕೂತಿರುತ್ತದೆ?

ಇದು ನನಗೆ ತುಂಬಾ ಇಷ್ಟವಾದ ಹಂತ. ಒಮ್ಮೆ ಅಭ್ಯಾಸವಾದರೆ ಯಾವ ಹಳೆಯ ಚಿತ್ರದ ಮುಂದೆ ನಿಂತರೂ ಕಣ್ಣು ತಾನಾಗಿಯೇ ನೆಲದ ಕಡೆ ಹೋಗುತ್ತದೆ.

ಮೊದಲು ಊಟದ ದೃಶ್ಯಗಳು. ಏಸುವಿನ ಕೊನೆಯ ಭೋಜನದ ಚಿತ್ರಗಳನ್ನು ಸಾಲಾಗಿ ತೆಗೆದು ನೋಡಿ. ಫ್ಲಾರೆನ್ಸ್‌ನ ಸಾನ್ ಮಾರ್ಕೊ ಮಠದ ಗೋಡೆಯ ಮೇಲೆ 1480ರ ದಶಕದಲ್ಲಿ ಗಿರ್ಲಾಂಡಾಯೊ ಬರೆದ ಚಿತ್ರದಲ್ಲಿ ಶಿಷ್ಯರೆಲ್ಲ ಮೇಜಿನ ಆಚೆ ಬದಿಗೆ ಕೂತಿದ್ದಾರೆ. ಗುರುವಿಗೆ ದ್ರೋಹ ಬಗೆಯುವ ಜೂದಾಸ್ ಒಬ್ಬನೇ ಈಚೆ ಬದಿಗೆ. ಅವನ ಹಿಂದೆ ಬರೀ ನೆಲದ ಮೇಲೆ ಒಂದು ಬೆಕ್ಕು. ಅದು ಜೂದಾಸ್‌ನನ್ನೂ ನೋಡುತ್ತಿಲ್ಲ, ಊಟವನ್ನೂ ನೋಡುತ್ತಿಲ್ಲ. ನೇರವಾಗಿ ನಮ್ಮನ್ನು ನೋಡುತ್ತಿದೆ. ಅಷ್ಟು ದೊಡ್ಡ ಚಿತ್ರದಲ್ಲಿ ಆ ಎರಡು ಕಣ್ಣು ಸಿಕ್ಕ ಕೂಡಲೇ ಬೇರೆಯವರೆಲ್ಲ ಹಿಂದೆ ಸರಿದುಬಿಡುತ್ತಾರೆ. ವೆನಿಸ್‌ನ ಸಾನ್ ಜಾರ್ಜೊ ಮಾಜೊರೆ ಚರ್ಚಿನಲ್ಲಿ ಟಿಂಟೊರೆಟ್ಟೊ 1592 ಮತ್ತು 1594ರ ನಡುವೆ ಬರೆದ ಅದೇ ದೃಶ್ಯದಲ್ಲಂತೂ ದೇವದೂತರು ಹೊಗೆಯಂತೆ ಮೇಲೆ ತೇಲುತ್ತಿದ್ದರೆ, ಕೆಳಗೆ ಬೆಕ್ಕು ಬುಟ್ಟಿಯೊಳಗೆ ಇಣುಕುವುದರಲ್ಲಿ ಮುಳುಗಿದೆ.

ಪಾರಿಸ್‌ನ ಲೂವ್ರ್‌ನಲ್ಲಿ ಮೊನಾಲಿಸಾಳ ಎದುರು ಗೋಡೆಯಲ್ಲಿ ವೆರೊನೀಸ್ 1563ರಲ್ಲಿ ಮುಗಿಸಿದ ‘ಕಾನಾದ ಮದುವೆ’ ಇದೆ. ಹೆಚ್ಚುಕಡಿಮೆ 6.8 ಮೀಟರ್ ಎತ್ತರ, 10 ಮೀಟರ್ ಅಗಲ. ನೂರಕ್ಕೂ ಹೆಚ್ಚು ಜನ. ಏಸು ನೀರನ್ನು ದ್ರಾಕ್ಷಾರಸ ಮಾಡಿದ ಪವಾಡ ಅಲ್ಲಿ ನಡೆಯುತ್ತಿದೆ. ಬಲಗಡೆ ಕೆಳಗೆ, ಆ ರಸ ತುಂಬಿದ ಹೂಜಿಯ ಪಕ್ಕ, ಒಂದು ಬೆಕ್ಕು ಅಡ್ಡಬಿದ್ದು ಹೂಜಿಯ ಮೇಲೆ ಕೆತ್ತಿದ ಮುಖವನ್ನು ಉಗುರಿನಿಂದ ಕೆರೆಯುತ್ತಿದೆ. ಅಂಗೈಯಗಲದ ಮೊಬೈಲಿನಲ್ಲಿ ಇಡೀ ಚಿತ್ರ ಹಾಕಿಕೊಂಡರೆ ಇದು ಕಾಣುವುದೇ ಇಲ್ಲ. ದೊಡ್ಡ ಫೈಲ್ ತೆರೆದು ಬಲ ಮೂಲೆಯನ್ನು ಹಿಗ್ಗಿಸಿ.

ಆಮೇಲೆ ಮೀನು. ಮೀನಿನ ಚಿತ್ರವಿದ್ದರೆ ಅಂಚುಗಳನ್ನು ನೋಡಲೇಬೇಕು. ಫ್ಲಾಂಡರ್ಸ್‌ನ ಕ್ಲಾರಾ ಪೀಟರ್ಸ್ ಬರೆದ ಒಂದು ಚಿತ್ರ ವಾಷಿಂಗ್ಟನ್‌ನಲ್ಲಿ ಮಹಿಳಾ ಕಲಾವಿದರಿಗೆಂದೇ ಇರುವ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಅದರಲ್ಲಿ ಬೆಕ್ಕು ಮೀನಿನ ಮೇಲೆ ಕಾಲಿಟ್ಟು, ಕಿವಿ ಹಿಂದಕ್ಕೆ ಮಡಚಿದೆ. ಬೆಕ್ಕು ಸಾಕಿದವರಿಗೆ ಆ ಕಿವಿಯ ಅರ್ಥ ಹೇಳಬೇಕಿಲ್ಲ. ಲೂವ್ರ್‌ನಲ್ಲಿರುವ ಶಾರ್ಡಾನ್‌ನ ‘ರೇ ಮೀನು’ (1728ರಲ್ಲಿ ಪ್ರದರ್ಶನವಾದದ್ದು) ಇನ್ನೊಂದು ಬಗೆ. ಸಿಪ್ಪೆ ತೆರೆದ ಕಪ್ಪೆಚಿಪ್ಪುಗಳ ಮೇಲೆ ಮರಿಬೆಕ್ಕೊಂದು ಬೆನ್ನು ಬಾಗಿಸಿ ರೋಮ ನಿಮಿರಿಸಿ ನಿಂತಿದೆ. ಮೇಲೆ ತೂಗಿಬಿಟ್ಟ ಮೀನಿಗೇ ಮನುಷ್ಯರ ಮುಖ ಬಂದ ಹಾಗಿದೆ.

ಇನ್ನುಳಿದ ಜಾಗಗಳು: ಒಲೆಯ ಪಕ್ಕ, ಕುರ್ಚಿಯ ಬೆನ್ನು, ಹಕ್ಕಿ ಪಂಜರದ ಸುತ್ತಮುತ್ತ, ಹಸ್ತಪ್ರತಿಯಾದರೆ ಪುಟದ ಅಂಚು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿರುವ ಸುಮಾರು ಕ್ರಿ.ಶ. 800ರ ‘ಬುಕ್ ಆಫ್ ಕೆಲ್ಸ್’ನ ಅತಿ ಪ್ರಸಿದ್ಧ ಪುಟದಲ್ಲಿ, ಕ್ರಿಸ್ತನ ಹೆಸರಿನ ಭಾರೀ ಅಕ್ಷರದ ಬುಡದಲ್ಲಿ, ಎರಡು ಬೆಕ್ಕುಗಳು ಕೂತಿವೆ. ಎದುರಿಗೆ ಇಲಿಗಳು ಒಂದು ದುಂಡನೆಯ ಬಿಲ್ಲೆಯನ್ನು ಕಚ್ಚಿ ಎಳೆದಾಡುತ್ತಿವೆ. ಎರಡು ಇಲಿಗಳಂತೂ ಬೆಕ್ಕುಗಳ ಬೆನ್ನೇರಿವೆ!

ಹೆಜ್ಜೆ 4: ಚಿತ್ರವನ್ನು ಅದರ ನಿಜ ಅಳತೆಗೆ ಇಳಿಸಿ

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಪ್ರಕಾರ ಅತಿ ಮುಖ್ಯವೂ ಇದೇ.

ಕೆಲ್ಸ್ ಪುಸ್ತಕದ ಪುಟ ಸುಮಾರು 33 ಸೆಂ.ಮೀ. ಎತ್ತರ, 25 ಸೆಂ.ಮೀ. ಅಗಲ. ಅದರಲ್ಲಿ ಬೆಕ್ಕಿಗೆ ಸಿಕ್ಕಿರುವುದು ಹೆಬ್ಬೆರಳಿನಷ್ಟು ಜಾಗ. ಪ್ರಾರ್ಥನಾ ಪುಸ್ತಕಗಳ ಅಂಚಿನ ಬೆಕ್ಕುಗಳೂ ಅಷ್ಟೇ. ಕೆಲವೇ ಕೂದಲಿನ ಕುಂಚದಲ್ಲಿ, ಸೂರ್ಯನ ಬೆಳಕಿನಲ್ಲೋ ದೀಪದಲ್ಲೋ ಬರೆದ ಚೂರು ಚಿತ್ರ. ಕಣ್ಣಿಗೆ ಒಂದು ಚುಕ್ಕಿ, ಬಾಯಿಗೆ ಒಂದು ಗೆರೆ. ಅದನ್ನು ನಾವು ಫೋನಿನ ಪರದೆ ತುಂಬುವಷ್ಟು ಹಿಗ್ಗಿಸಿ ‘ಅಯ್ಯೋ, ಇದೆಂಥ ಮುಖ’ ಅನ್ನುತ್ತೇವೆ.

ಹೀಗೆ ಮಾಡಿ. ಮ್ಯೂಸಿಯಂ ಪುಟದಲ್ಲಿ ಅಳತೆ ಕೊಟ್ಟಿರುತ್ತಾರೆ, ಅದನ್ನು ಓದಿ. ಒಂದು ಹಾಳೆಯ ಮೇಲೆ ಸ್ಕೇಲ್ ಇಟ್ಟು ಆ ಪುಟದ ಚೌಕಟ್ಟು ಹಾಕಿ. ಬೆಕ್ಕು ಅದರಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಅಂತ ಗುರುತು ಮಾಡಿ. ಈಗ ಪರದೆಯ ಮೇಲಿನ ಬೆಕ್ಕನ್ನು ಅಷ್ಟೇ ಗಾತ್ರಕ್ಕೆ ಕುಗ್ಗಿಸಿ, ಪುಸ್ತಕ ಓದುವಷ್ಟು ದೂರದಿಂದ ನೋಡಿ. ‘ಮನುಷ್ಯ ಮುಖ’ ಎಷ್ಟೋ ಸಲ ಮಾಯವಾಗಿ, ಬಾಗಿದ ಬೆನ್ನು, ನಿಂತ ಬಾಲ, ಹೊಂಚು ಹಾಕುವ ಭಂಗಿ ಉಳಿಯುತ್ತದೆ. ಚಿತ್ರಕಾರನಿಗೆ ಬೇಕಿದ್ದದ್ದು ಅದೇ.

ದೊಡ್ಡ ಗೋಡೆ ಚಿತ್ರಕ್ಕೆ ಉಲ್ಟಾ. ಅದನ್ನು ಕೆಳಗೆ ನಿಂತು, ದೂರದಿಂದ ನೋಡಲಿ ಅಂತ ಬರೆದಿರುತ್ತಾರೆ. ಅಷ್ಟು ದೂರಕ್ಕೂ ಕಾಣಬೇಕೆಂದರೆ ಕಣ್ಣು ದೊಡ್ಡದಾಗಲೇಬೇಕು, ಅಲ್ವಾ?

ಹೆಜ್ಜೆ 5: ಮುಖವನ್ನು ಒಂದೊಂದೇ ಭಾಗವಾಗಿ ನೋಡಿ

ಅಳತೆ ಸರಿಮಾಡಿದ ಮೇಲೂ ಬೆಕ್ಕು ವಿಚಿತ್ರವಾಗಿಯೇ ಕಂಡರೆ, ಮುಖ ನೋಡುವ ಸಮಯ ಬಂತು. ಪಕ್ಕದಲ್ಲಿ ನಿಮ್ಮ ಮನೆ ಬೆಕ್ಕಿನದೋ ಬೀದಿ ಬೆಕ್ಕಿನದೋ ಒಂದು ಫೋಟೊ ಇಟ್ಟುಕೊಳ್ಳಿ.

ಕಣ್ಣಿನಿಂದ ಶುರು ಮಾಡಿ. ನಾಯಿ, ಕುದುರೆಗೆ ಉದ್ದ ಮೂತಿ. ಬೆಕ್ಕಿನ ಮುಖ ಚಪ್ಪಟೆ, ಎರಡೂ ಕಣ್ಣು ನಮ್ಮಂತೆ ಮುಂದಕ್ಕೆ ನೋಡುತ್ತವೆ. ಬರೆಯುವವರ ಕೈ ಜಾರುವುದು ಇಲ್ಲೇ. ಮುಂದಕ್ಕೆ ನೋಡುವ ಎರಡು ಕಣ್ಣು, ನಡುವೆ ಮೂಗು ಅಂದ ಕೂಡಲೇ ರೂಢಿಯಾಗಿರುವ ಮನುಷ್ಯ ಮುಖದ ಅಚ್ಚು ಬಂದುಬಿಡುತ್ತದೆ. ಬೆಕ್ಕಿನ ಕಣ್ಣಲ್ಲಿ ಬಿಳಿ ಭಾಗ ಹೊರಗೆ ಕಾಣುವುದು ತೀರಾ ಕಡಿಮೆ. ಪಾಪೆಯ ಸುತ್ತ ಬಿಳಿ ಬರೆದರೆ ಸಾಕು, ಬೆಕ್ಕು ಗಾಬರಿಬಿದ್ದ ಮನುಷ್ಯನಾಗುತ್ತದೆ. ಪಾಪೆಯ ಆಕಾರವನ್ನೂ ಗಮನಿಸಿ. ಬೆಳಕಿನಲ್ಲಿ ಅದು ಸೀಳು, ಕತ್ತಲಲ್ಲಿ ದುಂಡು. ಹಾಡುಹಗಲಿನ ದೃಶ್ಯದಲ್ಲಿ ಪಾಪೆ ದುಂಡಗಿದ್ದರೆ, ಒಂದೋ ಚಿತ್ರಕಾರ ನೋಡಿ ಬರೆದಿಲ್ಲ, ಇಲ್ಲವೇ ಬೆಕ್ಕು ಬೇಟೆಯ ಉದ್ರೇಕದಲ್ಲಿದೆ ಅಂತ ಹೇಳುತ್ತಿದ್ದಾನೆ.

ಆಮೇಲೆ ಬಾಯಿ. ಬೆಕ್ಕಿನ ಮೇಲ್ದುಟಿ ಮೂಗಿನ ಬುಡದಿಂದ ಕವಲೊಡೆಯುತ್ತದೆ. ಅಲ್ಲಿ ಅಡ್ಡಗೆರೆಯ ತುಟಿ ಬರೆದರೆ ಸಿಟ್ಟಿನ ಅಜ್ಜ ಸಿದ್ಧ. ಕಿವಿಯನ್ನು ನೆತ್ತಿಯಿಂದ ಕೊಂಚ ಕೆಳಗೆ, ಪಕ್ಕಕ್ಕೆ ಇಳಿಸಿದರೂ ಅದೇ ಗತಿ. ಹಿಂಗಾಲಿನ ಕೀಲು ಎಲ್ಲಿದೆ ನೋಡಿ, ಬಾಲ ಎಲ್ಲಿಂದ ಹೊರಟಿದೆ ನೋಡಿ.

ಪಟ್ಟೆಗಳ ವಿಷಯದಲ್ಲಿ ಮಾತ್ರ ದುಡುಕಬೇಡಿ. ಹಳೆಯ ಹಸ್ತಪ್ರತಿಗಳಲ್ಲಿ ಬೆಕ್ಕಿಗೆ ಹುಲಿಯ ಹಾಗೆ ನೇರ ಪಟ್ಟೆ ಇರುವುದು ಕಂಡು ‘ಸುಮ್ನೆ ಗೀಚಿದ್ದಾರೆ’ ಅನ್ನಿಸಬಹುದು. ಹಳೆಯ ಬೆಕ್ಕುಗಳ ಮೂಳೆಯಿಂದ ಡಿಎನ್‌ಎ ತೆಗೆದು ಮಾಡಿದ, 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳುವ ಪ್ರಕಾರ, ಇವತ್ತು ಅನೇಕ ಬೆಕ್ಕುಗಳ ಮೈಮೇಲೆ ಕಾಣುವ ಸುರುಳಿ ಸುರುಳಿ ಗುರುತಿನ ಜೀನ್ 14ನೇ ಶತಮಾನಕ್ಕೆ ಮೊದಲು ಕಾಣಿಸುವುದಿಲ್ಲ. ನೇರ ಪಟ್ಟೆ ಬರೆದವರು ಕಂಡದ್ದನ್ನೇ ಬರೆದಿದ್ದಾರೆ. ಹಾಗೆಯೇ ಬೆಸ್ಟಿಯರಿಗಳಲ್ಲಿ ಹಿಂಗಾಲು ಎತ್ತಿ ತನ್ನ ಹಿಂಭಾಗ ನೆಕ್ಕಿಕೊಳ್ಳುವ ಬೆಕ್ಕನ್ನು ಕಂಡು ನಗುವವರು, ಅದನ್ನು ಬರೆಯಬೇಕಾದರೆ ಬೆಕ್ಕನ್ನು ಎಷ್ಟು ಚೆನ್ನಾಗಿ ನೋಡಿರಬೇಕು ಅಂತಲೂ ಯೋಚಿಸಬೇಕು.

ಈಗ ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಮೆಟ್‌ನ ತಾಣದಲ್ಲಿ 49.7.41 ಅಂತ ಹುಡುಕಿ. ಸ್ಪೇನ್‌ನ ಗೋಯಾ 1787–88ರಲ್ಲಿ ಬರೆದ, ಮಾನುವೆಲ್ ಒಸೊರಿಯೊ ಎಂಬ ಶ್ರೀಮಂತರ ಮನೆಯ ಹುಡುಗನ ಚಿತ್ರ ಬರುತ್ತದೆ. ಕೆಂಪು ಬಟ್ಟೆ, ಬಿಳಿ ರೇಷ್ಮೆಯ ನಡುಪಟ್ಟಿ. ಕೈಯಲ್ಲಿ ದಾರ, ದಾರದ ತುದಿಗೆ ಕಟ್ಟಿದ ಮ್ಯಾಗ್‌ಪೈ ಹಕ್ಕಿ. ಹಕ್ಕಿಯ ಕೊಕ್ಕಿನಲ್ಲಿ ಗೋಯಾನ ಹೆಸರಿನ ಚೀಟಿ. ಎಡಗಡೆ ಕೆಳಗೆ ಬೆಕ್ಕುಗಳು. ಮೊದಲ ನೋಟಕ್ಕೆ ಎರಡೇ ಕಾಣುತ್ತವೆ. ಚಿತ್ರದ ಬೆಳಕು ಹೆಚ್ಚಿಸಿ ಅವುಗಳ ಹಿಂದಿನ ಕತ್ತಲೆಯನ್ನು ಹಿಗ್ಗಿಸಿದರೆ ಮೂರನೆಯದು ಸಿಗುತ್ತದೆ. ಕಪ್ಪು ಬೆಕ್ಕು, ಕಣ್ಣು ಬಿಟ್ಟರೆ ಬೇರೇನೂ ಇಲ್ಲ ಅನ್ನುವಷ್ಟು. ಮುಂದಿನ ಬೆಕ್ಕಿನ ಕಣ್ಣು ತಟ್ಟೆಯಷ್ಟು ಅಗಲ, ಪಾಪೆ ಹಿಗ್ಗಿದೆ. ಬಿಡಿಯಾಗಿ ಕತ್ತರಿಸಿ ತೆಗೆದರೆ ನಗು ತರಿಸುವ ಮುಖವೇ. ಆದರೆ ಅದರ ನೋಟದ ಗೆರೆಯನ್ನು ಬೆರಳಲ್ಲಿ ಎಳೆಯಿರಿ. ನೇರ ಹಕ್ಕಿಯ ಮೇಲೆ ಹೋಗಿ ನಿಲ್ಲುತ್ತದೆ. ಹುಡುಗನಿಗೆ ಅದು ಗೊತ್ತಿಲ್ಲ, ಅವನು ಎಲ್ಲೋ ನೋಡುತ್ತಿದ್ದಾನೆ. ಮಾನುವೆಲ್ 1792ರಲ್ಲಿ, ಎಂಟು ವರ್ಷದವನಿದ್ದಾಗ ತೀರಿಕೊಂಡ. ಚಿತ್ರ ಬರೆಯುವಾಗ ಗೋಯಾಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಆದರೂ ಎಳೆಯ ಜೀವ ಎಷ್ಟು ನಾಜೂಕು ಎಂಬುದನ್ನು ಆ ಮೂರು ಜೊತೆ ಕಣ್ಣುಗಳಲ್ಲಿ ಅವನು ಇಟ್ಟಿದ್ದಾನೆ. ಈ ಬೆಕ್ಕುಗಳ ಕಣ್ಣು ‘ಸರಿಯಾಗಿ’ ಬರೆದಿದ್ದರೆ ಚಿತ್ರ ಸತ್ತುಹೋಗುತ್ತಿತ್ತು.

ಹೆಜ್ಜೆ 6: ಬೆಕ್ಕು ಅಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ಕೇಳಿ

ಹಳೆಯ ಚಿತ್ರದಲ್ಲಿ ಬೆಕ್ಕಿಗೆ ಸಾಮಾನ್ಯವಾಗಿ ಒಂದು ಕೆಲಸ ಕೊಟ್ಟಿರುತ್ತಾರೆ. ಅದು ಗೊತ್ತಾದರೆ ಮುಖ ಯಾಕೆ ಹಾಗಿದೆ ಎಂಬುದೂ ತಿಳಿಯುತ್ತದೆ.

ಲೊರೆಂಜೊ ಲೊಟ್ಟೊ 1530ರ ಸುಮಾರಿಗೆ ಬರೆದ ಒಂದು ಚಿತ್ರ ಇಟಲಿಯ ರೆಕಾನಾಟಿ ಊರಿನ ಮ್ಯೂಸಿಯಂನಲ್ಲಿದೆ. ಮೇರಿಗೆ ಮಗು ಹುಟ್ಟುವ ಸುದ್ದಿ ಹೇಳಲು ದೇವದೂತ ಬಂದಿಳಿದಿದ್ದಾನೆ. ಮೋಡದಲ್ಲಿ ದೇವರು. ಮೇರಿ ಅಂಗೈ ಎತ್ತಿ ನಮ್ಮ ಕಡೆ ತಿರುಗಿದ್ದಾಳೆ. ಇಬ್ಬರ ನಡುವೆ, ಕೋಣೆಯ ಮಧ್ಯದಲ್ಲಿ, ಬೆನ್ನನ್ನು ಬಿಲ್ಲಾಗಿ ಬಾಗಿಸಿಕೊಂಡು ಬೆಕ್ಕೊಂದು ಕಾಲು ಕೀಳುತ್ತಿದೆ. ಈ ಬೆಕ್ಕು ಸೈತಾನ, ಒಳ್ಳೆಯದು ಬಂದಾಗ ಓಡಿಹೋಗುತ್ತಿದೆ ಅಂತ ಕೆಲವರು ಓದುತ್ತಾರೆ. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. ರೆಕ್ಕೆ ಇರುವ ಅಪರಿಚಿತನೊಬ್ಬ ಮನೆಯೊಳಗೆ ದಿಢೀರನೆ ಇಳಿದರೆ ಯಾವ ಬೆಕ್ಕಾದರೂ ಹೀಗೇ ಮಾಡುತ್ತದೆ. ದೇವದೂತ ನಿಜವಾಗಿ ಬಂದ ಅನ್ನುವುದಕ್ಕೆ ಆ ಕೋಣೆಯಲ್ಲಿ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

‘ಬೆಕ್ಕು ಅಂದರೆ ಸೈತಾನ’ ಅನ್ನುವ ಸುಲಭ ಉತ್ತರ ಎಲ್ಲ ಕಡೆ ಓಡಾಡುತ್ತಿದೆ. ಅದರ ಬೆನ್ನಿಗೇ ಇನ್ನೊಂದು ಕತೆ: 1233ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ಬೆಕ್ಕುಗಳನ್ನು ಕೊಲ್ಲಲು ಆಜ್ಞೆ ಹೊರಡಿಸಿದ ಅಂತ. ಆ ವರ್ಷ ಅವನು ಬರೆಸಿದ ಪತ್ರ ನಿಜ. ಜರ್ಮನ್ ಸೀಮೆಯ ಧರ್ಮದ್ರೋಹಿಗಳು ಎನಿಸಿಕೊಂಡವರ ಆಚರಣೆಯ ವರ್ಣನೆಯಲ್ಲಿ ಕಪ್ಪು ಬೆಕ್ಕು ಬರುವುದೂ ನಿಜ. ಬೆಕ್ಕು ಕೊಲ್ಲಿ ಅನ್ನುವ ಆಜ್ಞೆ ಮಾತ್ರ ಅದರಲ್ಲಿ ಇಲ್ಲ. ಆದ್ದರಿಂದ ಸೈತಾನನನ್ನು ಕೊನೆಗೆ ಇಟ್ಟುಕೊಳ್ಳಿ, ಮೊದಲು ಚಿತ್ರದಲ್ಲಿ ಪಕ್ಕ ಏನಿದೆ ನೋಡಿ.

ಹಕ್ಕಿ ಇದ್ದರೆ ಅಪಾಯದ ಮಾತು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಹೊಗಾರ್ತ್‌ನ 1742ರ ‘ಗ್ರಹಾಂ ಮಕ್ಕಳು’ ಚಿತ್ರದಲ್ಲಿ ಹುಡುಗ ಸಂಗೀತದ ಪೆಟ್ಟಿಗೆ ತಿರುಗಿಸುತ್ತಾ, ಪಂಜರದ ಹಕ್ಕಿ ತನ್ನ ರಾಗಕ್ಕೆ ಹಾಡುತ್ತಿದೆ ಅಂದುಕೊಂಡು ಖುಷಿಯಾಗಿದ್ದಾನೆ. ಕುರ್ಚಿಯ ಬೆನ್ನಿಗೆ ಉಗುರು ಊರಿ ಹಲ್ಲು ಕಾಣಿಸುವ ಬೆಕ್ಕು ಅವನ ಕಣ್ಣಿಗೆ ಬಿದ್ದಿಲ್ಲ.

ಗಾದೆಯ ಕೆಲಸ ಮಾಡುವ ಬೆಕ್ಕುಗಳೂ ಇವೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ನಾವು ಕೇಳುತ್ತೇವಲ್ಲ, ಬರ್ಲಿನ್‌ನಲ್ಲಿರುವ ಬ್ರೂಗೆಲ್‌ನ 1559ರ ಚಿತ್ರದಲ್ಲಿ ಕಟ್ಟುವವನು ಸಿಗುತ್ತಾನೆ! ನೂರಕ್ಕೂ ಹೆಚ್ಚು ಗಾದೆಗಳನ್ನು ಒಂದೇ ಊರಿನೊಳಗೆ ತುಂಬಿರುವ ಚಿತ್ರ ಅದು. ಎಡಗಡೆ ಕೆಳಗೆ ಕವಚ ತೊಟ್ಟು, ಹಲ್ಲಿನಲ್ಲಿ ಚಾಕು ಕಚ್ಚಿಕೊಂಡ ಒಬ್ಬ ಗಂಟೆ ಕಟ್ಟುತ್ತಿದ್ದಾನೆ.

ಕಪಟ ತೋರಿಸುವ ಬೆಕ್ಕು ಬೇಕೆಂದರೆ ಯೂರೋಪ್ ಬಿಟ್ಟು ಕೋಲ್ಕತ್ತಾಗೆ ಬನ್ನಿ. 19ನೇ ಶತಮಾನದಲ್ಲಿ ಕಾಳಿಘಾಟ್ ದೇವಸ್ಥಾನದ ಸುತ್ತ ಪಟುವಾ ಎಂಬ ಚಿತ್ರಕಾರರು ಬರೆದು ಮಾರುತ್ತಿದ್ದ ಚಿತ್ರಗಳಲ್ಲಿ ಬೆಕ್ಕಿನದೂ ಒಂದು. ಹಣೆಯ ಮೇಲೆ ವೈಷ್ಣವರ ತಿಲಕ, ಬಾಯಲ್ಲಿ ಸಿಗಡಿ. ಮೈ ಒಂದೇ ಬೀಸಿನ ಕುಂಚದ ಗೆರೆ, ಕಣ್ಣು ಬಾದಾಮಿಯಾಕಾರ, ನೋಟ ನೇರ ನಮ್ಮ ಮೇಲೆ. ಅಂಗರಚನೆ ಹುಡುಕುತ್ತಾ ಕೂತರೆ ಈ ಬೆಕ್ಕು ತಪ್ಪೇ. ಸಸ್ಯಾಹಾರದ ಸೋಗು ಹಾಕುವ ಡಂಭಾಚಾರಿಯ ಮುಖ ಅಂದುಕೊಂಡು ನೋಡಿದರೆ ಒಂದು ಗೆರೆಯೂ ತಪ್ಪಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ತಾಣದಲ್ಲಿ ಇಂಥವು ಸಿಗುತ್ತವೆ. ಮಹಾಬಲಿಪುರಕ್ಕೆ ಹೋದವರು ದೊಡ್ಡ ಬಂಡೆಯ ಮೇಲಿನ ಏಳನೇ ಶತಮಾನದ ಕೆತ್ತನೆಯಲ್ಲಿ ಇದರ ಹಿರಿಯಣ್ಣನನ್ನು ನೋಡಿರಬಹುದು. ಅಲ್ಲಿ ಬೆಕ್ಕು ತಪಸ್ವಿಯಂತೆ ಕೈ ಎತ್ತಿ ನಿಂತಿದೆ, ಕಾಲ ಬುಡದಲ್ಲಿ ಇಲಿಗಳು.

ಲೋಕ ತಲೆಕೆಳಗಾದರೆ ಹೇಗೆ ಅನ್ನುವ ತಮಾಷೆಗೂ ಬೆಕ್ಕು ಒದಗಿದೆ. ಬ್ರೂಕ್ಲಿನ್ ಮ್ಯೂಸಿಯಂನಲ್ಲಿ 3000 ವರ್ಷಕ್ಕೂ ಹಳೆಯ ಈಜಿಪ್ಟಿನ ಒಂದು ಕಲ್ಲುಚೂರು ಇದೆ. ಅದರ ಮೇಲೆ ಇಲಿ ಆರಾಮಾಗಿ ಕೂತಿದೆ, ಬೆಕ್ಕು ಎದುರು ನಿಂತು ಸೇವೆ ಮಾಡುತ್ತಿದೆ. ಜಪಾನಿನಲ್ಲಿ 1842ರ ಹೊತ್ತಿಗೆ ನಾಟಕದ ನಟರ ಚಿತ್ರ ಮುದ್ರಿಸುವುದನ್ನು ಸರ್ಕಾರ ನಿಷೇಧಿಸಿತು. ಬೆಕ್ಕುಪ್ರಿಯ ಉತಾಗಾವಾ ಕುನಿಯೋಶಿ ನಟರ ಮುಖಗಳನ್ನೇ ಬೆಕ್ಕಿನ ಮೈಗೆ ಅಂಟಿಸಿಬಿಟ್ಟ. ಮನುಷ್ಯರಂತೆ ಕಾಣುವ ಆ ಬೆಕ್ಕುಗಳು ಸೆನ್ಸಾರ್ ದಾಟಿ ಬಂದವು.

ಹೆಜ್ಜೆ 7: ಅಸಲಿಯೋ ನಕಲಿಯೋ ಪರೀಕ್ಷಿಸಿ

ಈಗ ಇದು ಬಿಡಲಾಗದ ಹೆಜ್ಜೆ. ಎಐ ತಯಾರಿಸಿದ ‘ಮಧ್ಯಯುಗದ ಬೆಕ್ಕು’ಗಳು ಅಸಲಿಯ ಜೊತೆ ಬೆರೆತುಹೋಗಿವೆ. ಒಳ್ಳೆಯ ಉದ್ದೇಶದ ಮಾರ್ಪಾಡುಗಳೂ ಇವೆ. ರಷ್ಯಾದ ಕಲಾವಿದೆ ಸ್ವೆತ್ಲಾನಾ ಪೆಟ್ರೋವಾ ತನ್ನ ದಪ್ಪ ಕಿತ್ತಳೆ ಬೆಕ್ಕು ಜರತುಸ್ತ್ರನನ್ನು ಪ್ರಸಿದ್ಧ ಚಿತ್ರಗಳೊಳಗೆ ಕೂರಿಸುತ್ತಾ ಬಂದಿದ್ದಾಳೆ. ಅವಳು ಅದನ್ನು ಮುಚ್ಚಿಟ್ಟಿಲ್ಲ. ಆದರೆ ಫಾರ್ವರ್ಡ್ ಆಗುತ್ತಾ ಆಗುತ್ತಾ ಅವಳ ಹೆಸರು ಉದುರಿಹೋಗಿ, ಚಿತ್ರ ಮಾತ್ರ ‘ನಿಜ’ ಅಂತ ಓಡುತ್ತದೆ.

ಮೀಸೆ ಸರಿಯಿದೆಯಾ, ಬೆರಳು ಎಷ್ಟಿವೆ ಅಂತ ಎಣಿಸಿ ತೀರ್ಮಾನಿಸಬೇಡಿ. ಹಳೆಯ ಅಸಲಿ ಬೆಕ್ಕುಗಳಲ್ಲೂ ಅವು ಸರಿಯಿರುವುದಿಲ್ಲ. ಬದಲಿಗೆ ಚಿತ್ರವನ್ನು ಗೂಗಲ್ ಲೆನ್ಸ್‌ಗೋ ಟಿನ್‌ಐಗೋ ಹಾಕಿ ಮೂಲ ಮನೆ ಹುಡುಕಿ. ಅಸಲಿ ಚಿತ್ರಕ್ಕೆ ಒಂದು ವಿಳಾಸ ಇರುತ್ತದೆ: ಸಂಸ್ಥೆಯ ಹೆಸರು, ಸಂಗ್ರಹ ಸಂಖ್ಯೆ, ಹಸ್ತಪ್ರತಿಯಾದರೆ ಹಾಳೆಯ ಸಂಖ್ಯೆ. ಹಾಳೆಯ ಸಂಖ್ಯೆಯ ಮುಂದೆ ‘ಆರ್’ ಇದ್ದರೆ ಹಾಳೆಯ ಮುಂಬದಿ, ‘ವಿ’ ಇದ್ದರೆ ಹಿಂಬದಿ. ಕೆಲ್ಸ್ ಬೆಕ್ಕುಗಳ ವಿಳಾಸ 34ಆರ್. ಆ ವಿಳಾಸಕ್ಕೆ ಹೋಗಿ ಇಡೀ ಪುಟ ತೆರೆಯಿರಿ, ಬೆಕ್ಕು ಅಲ್ಲಿ ಇದ್ದರೆ ಮುಗಿಯಿತು. ವಿಳಾಸ ಸಿಗದ ಬೆಕ್ಕನ್ನು ಎಷ್ಟೇ ಮುದ್ದಾಗಿದ್ದರೂ ನಾನು ಹಂಚುವುದಿಲ್ಲ.

ಹೆಜ್ಜೆ 8: ಒಂದನ್ನು ನೀವೇ ಬರೆದು ನೋಡಿ

ಪೆನ್ಸಿಲ್, ಹಾಳೆ ಸಾಕು. ನಿದ್ದೆ ಮಾಡುವ ಬೆಕ್ಕನ್ನಲ್ಲ, ಓಡಾಡುವ ಬೆಕ್ಕನ್ನು ಬರೆಯಲು ಕೂರಿ. ಗೆರೆ ಎಳೆಯುವಷ್ಟರಲ್ಲಿ ಅದು ಬೇರೆ ಭಂಗಿಗೆ ಹೋಗಿರುತ್ತದೆ. ಲಿಯೊನಾರ್ಡೊ ಡ ವಿಂಚಿಯಂಥವನೂ ಇದನ್ನು ಬಿಡದೆ ಅಭ್ಯಾಸ ಮಾಡಿದ್ದಾನೆ. ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿರುವ ಅವನ ಒಂದು ಹಾಳೆಯ ತುಂಬ ಬೆಕ್ಕುಗಳು: ಮಲಗಿದ್ದು, ಕಿತ್ತಾಡುವುದು, ಮೈ ನೆಕ್ಕುವುದು, ಹೊಂಚುವುದು. ಅವುಗಳ ನಡುವೆ ಅದೇ ಬಳುಕಿನ ಒಂದು ಪುಟ್ಟ ಡ್ರ್ಯಾಗನ್ ಬೇರೆ. 1891ರಲ್ಲಿ ಕಾರ್ಲ್ ಕಾಲರ್ ಸ್ಯಾನ್ ಫ್ರಾನ್ಸಿಸ್ಕೊದ ಶ್ರೀಮಂತೆಯೊಬ್ಬಳಿಗಾಗಿ 42 ಬೆಕ್ಕುಗಳ ಭಾರೀ ಚಿತ್ರ ಬರೆದ. ಅದನ್ನು ನೋಡುವಾಗ, ಒಂದು ಬೆಕ್ಕು ಬರೆದು ಸೋತ ಕೈಗೆ ಆ ಕೆಲಸದ ಬೆಲೆ ಗೊತ್ತಾಗುತ್ತದೆ.

ಹೆಜ್ಜೆ 9: ಉಳಿಸಿ, ಹಂಚಿ

ಸ್ಕ್ರೀನ್‌ಶಾಟ್ ತೆಗೆಯಬೇಡಿ, ಮ್ಯೂಸಿಯಂನವರು ಕೊಡುವ ದೊಡ್ಡ ಫೈಲನ್ನೇ ಇಳಿಸಿಕೊಳ್ಳಿ. ಬಳಕೆಯ ಷರತ್ತು ಓದಿ. ಮೆಟ್‌ನ ತೆರೆದ ಚಿತ್ರಗಳನ್ನು ಟಿ-ಶರ್ಟ್ ಮೇಲೆ ಅಚ್ಚು ಹಾಕಿ ಮಾರಿದರೂ ತಕರಾರಿಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿ, ಬೊಡ್ಲಿಯನ್ ತಾಣಗಳಲ್ಲಿ ಉಚಿತ ಬಳಕೆ ಸಾಮಾನ್ಯವಾಗಿ ಲಾಭದ ಉದ್ದೇಶ ಇಲ್ಲದವರಿಗೆ ಮಾತ್ರ.

ಫೈಲಿನ ಹೆಸರಲ್ಲೇ ವಿವರ ಬರೆದಿಡಿ, ಇಲ್ಲದಿದ್ದರೆ ಸ್ವಲ್ಪ ದಿನದಲ್ಲಿ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಹಂಚುವಾಗ ಎರಡು ಚಿತ್ರ ಹಾಕಿ. ಒಂದು ಬೆಕ್ಕಿನದು, ಇನ್ನೊಂದು ಇಡೀ ಚಿತ್ರ. ಕೆಳಗೆ ಇಷ್ಟಿದ್ದರೆ ಸಾಕು: ‘ಗೋಯಾ, ಮಾನುವೆಲ್ ಒಸೊರಿಯೊ, 1787–88, ಮೆಟ್ರೊಪಾಲಿಟನ್ ಮ್ಯೂಸಿಯಂ, ನ್ಯೂಯಾರ್ಕ್, 49.7.41. ಎಡಗಡೆ ಕೆಳಗೆ ಮೂರು ಬೆಕ್ಕು, ಮೂರನೆಯದನ್ನು ಹುಡುಕಿ.’ ಹೀಗೆ ಹಾಕಿದರೆ ನೋಡಿದವರು ನಕ್ಕು ಮುಂದೆ ಹೋಗುವುದಿಲ್ಲ, ಚಿತ್ರ ಹಿಗ್ಗಿಸಿ ಹುಡುಕುತ್ತಾರೆ. ಮನೆಯ ಗ್ರೂಪಿನಲ್ಲಿ ಯಾರಾದರೂ ವಿವರವಿಲ್ಲದ ಬೆಕ್ಕು ಕಳಿಸಿದರೆ, ಅದರ ವಿಳಾಸ ಪತ್ತೆ ಮಾಡಿ ಅಲ್ಲೇ ಕೆಳಗೆ ಹಾಕಿ. ಮಕ್ಕಳಿದ್ದರೆ ಆ ಪತ್ತೆಯ ಕೆಲಸವನ್ನು ಅವರಿಗೆ ಕೊಡಿ, ಮೂಲೆಗಳನ್ನು ನಮಗಿಂತ ಬೇಗ ನೋಡುವವರು ಅವರೇ.